ಇಂದಿನ ಧಮ್ಮ ಚಿಂತನೆ: ಸ್ವರ್ಗ, ನರಕ, ನಿತ್ಯಜೀವ ಮತ್ತು ನಮ್ಮ ಕ್ರೈಸ್ತ ಬಂಧುಗಳು





ನಮ್ಮ ಅಧ್ಯಯನ ಕೂಟದಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಯೊಂದಿದೆ. "ನಮ್ಮ ಅಕ್ಕನ ಮನೆಯವರು ಕ್ರೈಸ್ತರಾಗಿದ್ದಾರೆ. ಯೇಸುವನ್ನು ನಂಬಿದವರಿಗೆ ಸ್ವರ್ಗ, ನಂಬದವರಿಗೆ ನರಕ ಅಂತಾರೆ. ನಮ್ಮಲ್ಲಿ ದೇವರೂ ಇಲ್ಲ, ಆತ್ಮವೂ ಇಲ್ಲ. ಹಾಗಾದರೆ ಸತ್ತವರ ಬಗ್ಗೆ ನಮ್ಮ ಧಮ್ಮ ಏನು ಹೇಳುತ್ತದೆ? ಅವರಿಗೆ ಏನಂತ ಉತ್ತರ ಕೊಡೋದು?"

ಈ ಪ್ರಶ್ನೆ ಪುಸ್ತಕದಿಂದ ಬಂದದ್ದಲ್ಲ, ಮನೆಯೊಳಗಿಂದ ಬಂದದ್ದು. ನಮ್ಮ ಎಷ್ಟೋ ಕುಟುಂಬಗಳಲ್ಲಿ ಒಬ್ಬ ಮೊಮ್ಮಗ ಧಮ್ಮ ದೀಕ್ಷೆ ತೆಗೆದುಕೊಂಡಿದ್ದಾನೆ, ಇನ್ನೊಬ್ಬ ದೀಕ್ಷಾಸ್ನಾನ ಮಾಡಿಸಿಕೊಂಡಿದ್ದಾನೆ. ಇಬ್ಬರ ಅಜ್ಜ ಒಬ್ಬನೇ. ಆ ಅಜ್ಜ ಉಂಡ ಅವಮಾನವೂ ಒಂದೇ. ಆದ್ದರಿಂದ ಇವತ್ತು ಎರಡು ಕೆಲಸ ಮಾಡೋಣ. ಮೊದಲು ಅವರ ನಂಬಿಕೆ ನಿಜವಾಗಿ ಏನೆಂದು ತಿಳಿಯೋಣ. ಆಮೇಲೆ ನಮ್ಮ ದಾರಿ ಎಲ್ಲಿ ಬೇರೆಯಾಗುತ್ತದೆ ಎಂದು ನೋಡೋಣ. ತಿಳಿಯದೆ ಟೀಕೆ ಮಾಡುವುದು ಬಾಬಾಸಾಹೇಬರ ಮಕ್ಕಳಿಗೆ ತಕ್ಕದ್ದಲ್ಲ.

*1. ಮೊದಮೊದಲು ಸ್ವರ್ಗ, ನರಕ ಎಂಬ ಎರಡು ದಾರಿ ಇರಲಿಲ್ಲ*

ಕ್ರೈಸ್ತರು ಹಳೆಯ ಒಡಂಬಡಿಕೆ ಎಂದು ಕರೆಯುವ ಯೆಹೂದ್ಯರ ಗ್ರಂಥಗಳ ಹಳೆಯ ಭಾಗಗಳಲ್ಲಿ ಸತ್ತವರೆಲ್ಲ ಹೋಗುವ ಜಾಗಕ್ಕೆ "ಶಿಯೋಲ್" ಎಂಬ ಹೀಬ್ರೂ ಹೆಸರಿದೆ. ಕನ್ನಡ ಬೈಬಲಿನಲ್ಲಿ ಅದನ್ನು "ಪಾತಾಳ" ಎಂದು ಅನುವಾದ ಮಾಡಿದ್ದಾರೆ. ಅದು ಶಿಕ್ಷೆಯ ಜಾಗವಲ್ಲ. ಒಳ್ಳೆಯವರೂ ಕೆಟ್ಟವರೂ, ರಾಜರೂ ಆಳುಗಳೂ ಸತ್ತ ಮೇಲೆ ನೆರಳಿನ ಹಾಗೆ ಇರುವ ಕತ್ತಲೆಯ ಜಾಗ, ಅಷ್ಟೆ.

ಸತ್ತವರು ಮತ್ತೆ ಎದ್ದು ಬರುತ್ತಾರೆ, ಕೆಲವರು ನಿತ್ಯಜೀವಕ್ಕೆ, ಕೆಲವರು ನಿತ್ಯ ಅವಮಾನಕ್ಕೆ ಎಂಬ ಮಾತು ಸ್ಪಷ್ಟವಾಗಿ ಸಿಗುವುದು ದಾನಿಯೇಲನ ಗ್ರಂಥದ 12ನೆಯ ಅಧ್ಯಾಯದಲ್ಲಿ. ಆ ಭಾಗ ಕ್ರಿಸ್ತಪೂರ್ವ ಎರಡನೆಯ ಶತಮಾನದ್ದು ಎಂದು ಬಹುಪಾಲು ವಿದ್ವಾಂಸರು ಹೇಳುತ್ತಾರೆ. ಆ ಕಾಲವನ್ನು ಗಮನಿಸಿ. ನಾಲ್ಕನೆಯ ಆಂಟಿಯೋಕಸ್ ಎಂಬ ಗ್ರೀಕ್ ದೊರೆ ಯೆಹೂದ್ಯರ ಧರ್ಮವನ್ನೇ ನಿಷೇಧಿಸಿದ್ದ. ಧರ್ಮ ಬಿಡುವುದಿಲ್ಲ ಎಂದವರನ್ನು ಕೊಲ್ಲಿಸಿದ. ಜನರ ಮುಂದೆ ಒಂದು ಪ್ರಶ್ನೆ ನಿಂತಿತು: ಸರಿಯಾಗಿ ಬಾಳಿದವರು ಸತ್ತರು, ಕೊಂದವರು ಸಿಂಹಾಸನದ ಮೇಲಿದ್ದಾರೆ. ಹಾಗಾದರೆ ನ್ಯಾಯ ಎಲ್ಲಿದೆ? ಸತ್ತವರು ಎದ್ದು ಬರುತ್ತಾರೆ, ತೀರ್ಪು ಆಗುತ್ತದೆ ಎಂಬ ನಂಬಿಕೆ ಬಲವಾದದ್ದು ಈ ಸಂಕಟದಲ್ಲಿ.

ಬಂಧುಗಳೇ, ಈ ಪ್ರಶ್ನೆ ನಮಗೆ ಹೊಸದಲ್ಲ. 2000ದ ಮಾರ್ಚ್‌ನಲ್ಲಿ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಕೆಳಗಿನ ನ್ಯಾಯಾಲಯ ಆರೋಪಿಗಳನ್ನು ಬಿಡುಗಡೆ ಮಾಡಿತು. 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಆ ಏಳು ಮಂದಿಯ ಮನೆಯವರು "ಮೇಲೊಂದು ಕೋರ್ಟ್ ಇದ್ದೇ ಇರುತ್ತೆ" ಎಂದು ಅಂದುಕೊಂಡರೆ ಅವರನ್ನು ಮೂಢರು ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಸ್ವರ್ಗ ನರಕದ ಆಸೆಯ ಬೇರಿನಲ್ಲಿ ನ್ಯಾಯದ ಹಸಿವಿದೆ. ಇದನ್ನು ಒಪ್ಪಿಕೊಂಡೇ ಮುಂದೆ ಹೋಗೋಣ.

*2. ಯೇಸು ಹೇಳಿದ ನರಕ*

ಸುವಾರ್ತೆಗಳಲ್ಲಿ ಯೇಸು ನರಕಕ್ಕೆ ಬಳಸುವ ಪದ "ಗೆಹೆನ್ನಾ". ಅದು ಜೆರುಸಲೇಮಿನ ಪಕ್ಕದಲ್ಲೇ ಇರುವ ಹಿನ್ನೋಮ್ ಕಣಿವೆಯ ಹೆಸರು. ಹಿಂದೆ ಅಲ್ಲಿ ಮಕ್ಕಳನ್ನು ಬೆಂಕಿಗೆ ಬಲಿ ಕೊಡುತ್ತಿದ್ದರು ಎಂದು ಅವರ ಗ್ರಂಥಗಳೇ ಹೇಳುತ್ತವೆ. ಪ್ರವಾದಿ ಯೆರೆಮೀಯ ಅದನ್ನು ಕಟುವಾಗಿ ಖಂಡಿಸಿದ. ಅಂದರೆ ನರಕಕ್ಕೆ ಸಿಕ್ಕ ಹೆಸರು ಮನುಷ್ಯರು ಮನುಷ್ಯರ ಮಕ್ಕಳನ್ನು ಸುಟ್ಟ ಜಾಗದ್ದು.

ಅಲ್ಲಿಗೆ ಹೋಗುವವರು ಯಾರು? ಲೂಕನ ಸುವಾರ್ತೆಯ 16ನೆಯ ಅಧ್ಯಾಯದಲ್ಲಿ ಒಂದು ಕಥೆ ಬರುತ್ತದೆ. ಒಬ್ಬ ಶ್ರೀಮಂತ ದಿನವೂ ಹಬ್ಬದೂಟ ಉಣ್ಣುತ್ತಾನೆ. ಅವನ ಬಾಗಿಲಲ್ಲಿ ಲಾಜರ ಎಂಬ ಬಡವ ಹುಣ್ಣಿನ ಮೈಯಲ್ಲಿ ಬಿದ್ದಿರುತ್ತಾನೆ, ನಾಯಿಗಳು ಬಂದು ಹುಣ್ಣು ನೆಕ್ಕುತ್ತವೆ. ಇಬ್ಬರೂ ಸಾಯುತ್ತಾರೆ. ಬಡವನಿಗೆ ನೆಮ್ಮದಿ ಸಿಗುತ್ತದೆ, ಶ್ರೀಮಂತ ಬೆಂಕಿಯಲ್ಲಿ ಬೇಯುತ್ತಾನೆ. ಆ ಶ್ರೀಮಂತ ಬಡವನಿಗೆ ಹೊಡೆದ ಎಂದಾಗಲಿ, ಪೂಜೆ ತಪ್ಪಿಸಿದ ಎಂದಾಗಲಿ ಕಥೆಯಲ್ಲಿಲ್ಲ. ಬಾಗಿಲಲ್ಲಿ ಬಿದ್ದವನನ್ನು ಅವನು ಕಣ್ಣೆತ್ತಿ ನೋಡಲಿಲ್ಲ.

ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಲ್ಲಿ ಕೊನೆಯ ತೀರ್ಪಿನ ವರ್ಣನೆ ಇದೆ. ಕುರಿ ಕಾಯುವವನು ಕುರಿಗಳನ್ನೂ ಆಡುಗಳನ್ನೂ ಬೇರೆ ಮಾಡುವ ಹಾಗೆ ಜನರನ್ನು ಬೇರೆ ಮಾಡುತ್ತಾರೆ. ಹಸಿದವನಿಗೆ ಅನ್ನ ಕೊಟ್ಟೆಯಾ, ಬಾಯಾರಿದವನಿಗೆ ನೀರು ಕೊಟ್ಟೆಯಾ, ಬಟ್ಟೆಯಿಲ್ಲದವನಿಗೆ ಬಟ್ಟೆ ಕೊಟ್ಟೆಯಾ, ರೋಗಿಯನ್ನೂ ಸೆರೆಯಲ್ಲಿದ್ದವನನ್ನೂ ಹೋಗಿ ನೋಡಿದೆಯಾ ಎಂಬುದೇ ಅಲ್ಲಿನ ಅಳತೆ. ನೀರು ಕೊಟ್ಟೆಯಾ ಎಂಬ ಪ್ರಶ್ನೆ ಚೌದಾರ್ ಕೆರೆಯ ಮಕ್ಕಳಾದ ನಮಗೆ ಎಷ್ಟು ಹತ್ತಿರದ್ದು ಯೋಚಿಸಿ.

*3. "ನಿತ್ಯಜೀವ" ಎಂದರೆ ಏನು?*

ಕ್ರೈಸ್ತರ ನಂಬಿಕೆ ಎಂದರೆ ಸತ್ತ ಮೇಲೆ ಆತ್ಮ ಮೇಲಕ್ಕೆ ಹಾರಿಹೋಗುವುದು, ಅಷ್ಟೇ ಎಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಹಾಗಲ್ಲ. ಕ್ರಿಸ್ತಶಕ 381ರ ಕಾನ್‌ಸ್ಟಾಂಟಿನೋಪಲ್ ಸಭೆಯ ಹೆಸರಿನಲ್ಲಿ ಉಳಿದಿರುವ, ಬಹುಪಾಲು ಚರ್ಚ್‌ಗಳು ಇವತ್ತಿಗೂ ಒಪ್ಪುವ ವಿಶ್ವಾಸ ಪ್ರಮಾಣ ಮುಗಿಯುವುದು ಸತ್ತವರ ಪುನರುತ್ಥಾನ ಮತ್ತು ಬರಲಿರುವ ಲೋಕದ ಜೀವನದ ನಿರೀಕ್ಷೆಯಿಂದ. ಅಂದರೆ ದೇಹವೇ ಎದ್ದು ಬರುತ್ತದೆ, ಲೋಕವೇ ಹೊಸದಾಗುತ್ತದೆ. ಅವರಲ್ಲಿ ಹೂಳುವ ಪದ್ಧತಿ ಗಟ್ಟಿಯಾಗಿ ಉಳಿದದ್ದಕ್ಕೆ ಈ ನಂಬಿಕೆಯೂ ಒಂದು ಕಾರಣ. ಯೋಹಾನನ ಸುವಾರ್ತೆಯ 17ನೆಯ ಅಧ್ಯಾಯದ ಪ್ರಕಾರ ನಿತ್ಯಜೀವ ಎಂದರೆ ದೇವರನ್ನು ಅರಿಯುವುದು. ಆದ್ದರಿಂದ ಅದು ಸತ್ತ ಮೇಲಲ್ಲ, ಈಗಲೇ ಶುರುವಾಗುತ್ತದೆ ಎಂದು ಹೇಳುವ ಕ್ರೈಸ್ತರೂ ಇದ್ದಾರೆ.

ಅವರಲ್ಲೇ ಒಂದು ಮಾತಿಲ್ಲ. ಕ್ಯಾಥೋಲಿಕರು ಸ್ವರ್ಗಕ್ಕೆ ಹೋಗುವ ಮುನ್ನ ಪಾಪದ ಕಲೆ ಕಳೆಯುವ ಶುದ್ಧೀಕರಣ ಸ್ಥಿತಿಯೊಂದಿದೆ ಎನ್ನುತ್ತಾರೆ. ಅದಕ್ಕೇ ಸತ್ತವರಿಗಾಗಿ ಪೂಜೆ ಒಪ್ಪಿಸುತ್ತಾರೆ, ನವೆಂಬರ್ 2ರಂದು ಸಮಾಧಿಗಳಿಗೆ ಹೂವು, ಮೇಣದಬತ್ತಿ ಇಡುತ್ತಾರೆ. ಪ್ರಾಟೆಸ್ಟೆಂಟರು ಇದನ್ನು ಒಪ್ಪುವುದಿಲ್ಲ. ಸೆವೆಂತ್ ಡೇ ಅಡ್ವೆಂಟಿಸ್ಟರು ಕೆಟ್ಟವರು ಕೊನೆಗೆ ಇಲ್ಲವಾಗುತ್ತಾರೆಯೇ ಹೊರತು ಎಂದೆಂದಿಗೂ ಬೇಯುವುದಿಲ್ಲ ಎನ್ನುತ್ತಾರೆ. ಮೂರನೆಯ ಶತಮಾನದಲ್ಲಿ ಒರಿಜೆನ್ ಎಂಬ ಪಂಡಿತ ಕೊನೆಗೆ ಎಲ್ಲರೂ ದೇವರ ಬಳಿಗೆ ಮರಳಬಹುದು ಎಂಬ ಆಸೆ ಇಟ್ಟುಕೊಂಡಿದ್ದ. ಆ ವಿಚಾರವನ್ನು ಮುಂದೆ ಚರ್ಚ್ ಖಂಡಿಸಿತು. 1964ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ, ತಮ್ಮದಲ್ಲದ ತಪ್ಪಿನಿಂದ ಸುವಾರ್ತೆ ಅರಿಯದೆ ಉಳಿದು, ಮನಸ್ಸಾಕ್ಷಿಯಂತೆ ಬಾಳುವವರಿಗೂ ರಕ್ಷಣೆ ಸಾಧ್ಯ ಎಂದಿತು. 1999ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್, ನರಕ ಎಂದರೆ ಒಂದು ಜಾಗ ಎನ್ನುವುದಕ್ಕಿಂತ ದೇವರಿಂದ ತಾವಾಗಿ ದೂರವಾದವರ ಸ್ಥಿತಿ ಎಂದು ವಿವರಿಸಿದರು.

ಆದ್ದರಿಂದ "ನಂಬದವರೆಲ್ಲ ಬೆಂಕಿಗೆ" ಎಂದು ಯಾರಾದರೂ ಹೇಳಿದರೆ ಅದು ಎಲ್ಲ ಕ್ರೈಸ್ತರ ಮಾತಲ್ಲ ಎಂದು ನೆನಪಿಡಿ.

*4. ಸ್ವರ್ಗವನ್ನು ಯಾರು ಯಾವುದಕ್ಕೆ ಬಳಸಿದರು?*

ಒಂದು ನಂಬಿಕೆಯನ್ನು ಅಳೆಯಬೇಕಾದರೆ ಅದು ಯಾರ ಕೈಯಲ್ಲಿ ಏನು ಮಾಡಿತು ಎಂದು ನೋಡಬೇಕು.

16ನೆಯ ಶತಮಾನದ ಮೊದಲಲ್ಲಿ ಯೂರೋಪಿನಲ್ಲಿ ಪಾಪ ಕ್ಷಮಾಪಣಾ ಪತ್ರಗಳಿಗಾಗಿ ಜನರಿಂದ ಹಣ ಎತ್ತುತ್ತಿದ್ದರು. ಸತ್ತ ತಂದೆತಾಯಿಯ ಸಂಕಟ ಕಡಿಮೆಯಾಗಬೇಕಾದರೆ ಹಣ ಕೊಡಿ ಎಂಬ ಪ್ರಚಾರ ನಡೆಯಿತು. ರೋಮಿನ ಸೇಂಟ್ ಪೀಟರ್ ಬಸಿಲಿಕಾ ಕಟ್ಟಲೂ ಆ ಹಣ ಹೋಯಿತು. 1517ರಲ್ಲಿ ಮಾರ್ಟಿನ್ ಲೂಥರ್ ಇದನ್ನು ಪ್ರಶ್ನಿಸಿದ. ಶ್ರಾದ್ಧ, ಪಿಂಡ, ಗೋದಾನದ ಹೆಸರಿನಲ್ಲಿ ನಮ್ಮ ಹಿರಿಯರ ಕೈಯಿಂದ ಕಾಸು ಹೋದದ್ದನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1807ರಲ್ಲಿ ಲಂಡನ್ನಿನಲ್ಲಿ ವೆಸ್ಟ್ ಇಂಡೀಸ್‌ನ ಗುಲಾಮರಿಗೆಂದೇ ಆಯ್ದ ಭಾಗಗಳ ಬೈಬಲ್ ಒಂದನ್ನು ಅಚ್ಚು ಹಾಕಿದರು. ಈಜಿಪ್ಟಿನ ಗುಲಾಮಗಿರಿಯಿಂದ ಜನ ಬಿಡುಗಡೆಯಾಗಿ ಹೊರಟ ಕಥೆಯನ್ನು ಅದರಿಂದ ತೆಗೆದುಹಾಕಿದ್ದರು. ವಿಧೇಯರಾಗಿರಿ ಎಂಬ ಮಾತು ಉಳಿದಿತ್ತು. ಇಲ್ಲಿ ದುಡಿದು ಸಾಯಿರಿ, ಅಲ್ಲಿ ಕೂಲಿ ಸಿಗುತ್ತದೆ ಎಂಬ ಪಾಠ ಅದು. ಕರ್ಮ ಸಿದ್ಧಾಂತದ ಹೆಸರಿನಲ್ಲಿ ನಮಗೆ ಹೇಳಿದ್ದೂ ಇದನ್ನೇ ಅಲ್ಲವೇ? ಈ ಜನ್ಮದಲ್ಲಿ ಸೇವೆ ಮಾಡು, ಮುಂದಿನ ಜನ್ಮದಲ್ಲಿ ಮೇಲಿನ ಜಾತಿ.

ಆದರೆ ಅದೇ ಗುಲಾಮರು ಅದೇ ನಂಬಿಕೆಯನ್ನು ತಿರುಗಿಸಿ ಹಿಡಿದರು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಸ್ ತನ್ನ ಆತ್ಮಕಥೆಯಲ್ಲಿ, ತಾವು ಕಾನಾನ್ ನಾಡಿಗೆ ಹೋಗುವ ಹಾಡು ಹೇಳುವಾಗ ಮನಸ್ಸಿನಲ್ಲಿದ್ದದ್ದು ಗುಲಾಮಗಿರಿ ಇಲ್ಲದ ಉತ್ತರದ ರಾಜ್ಯಗಳು ಎಂದು ಬರೆದಿದ್ದಾನೆ. ದಣಿಗೆ ಅದು ಭಜನೆ, ಹಾಡುವವರಿಗೆ ಅದು ಓಡಿಹೋಗುವ ದಾರಿ.

ಇನ್ನೊಂದು ಉದಾಹರಣೆ ನಮಗೆ ತೀರಾ ಹತ್ತಿರದ್ದು. 1968ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ಇಬ್ಬರು ಕಪ್ಪು ಪೌರಕಾರ್ಮಿಕರು ಕಸದ ಲಾರಿಯ ಯಂತ್ರಕ್ಕೆ ಸಿಕ್ಕಿ ಸತ್ತರು. ಕಾರ್ಮಿಕರು ಮುಷ್ಕರ ಹೂಡಿದರು. ಅವರ ಬೆಂಬಲಕ್ಕೆ ಹೋದ ಮಾರ್ಟಿನ್ ಲೂಥರ್ ಕಿಂಗ್ ಏಪ್ರಿಲ್ 3ರಂದು ಭಾಷಣ ಮಾಡಿದರು. ಸ್ವರ್ಗದ ಹಾಲು ಜೇನಿನ ಬೀದಿಗಳ ಮಾತಾಡುವುದು ಸರಿಯೇ, ಆದರೆ ಇಲ್ಲಿನ ಕೊಳೆಗೇರಿಗಳ ಬಗ್ಗೆಯೂ, ಮೂರು ಹೊತ್ತು ಊಟವಿಲ್ಲದ ಮಕ್ಕಳ ಬಗ್ಗೆಯೂ ಯೋಚಿಸಬೇಕು ಎಂಬುದು ಅವರ ಮಾತಿನ ಸಾರ. ಮರುದಿನ ಅವರನ್ನು ಗುಂಡಿಕ್ಕಿ ಕೊಂದರು. ಅವರೊಬ್ಬ ಪಾದ್ರಿ, ನಿತ್ಯಜೀವದಲ್ಲಿ ನಂಬಿಕೆ ಇದ್ದವರು. ಆ ನಂಬಿಕೆ ಅವರನ್ನು ಕಸದ ಲಾರಿಯ ಕೆಲಸಗಾರರ ಪಕ್ಕಕ್ಕೆ ತಂದು ನಿಲ್ಲಿಸಿತು.

*5. ಬಾಬಾಸಾಹೇಬರು ಕೇಳಿದ ಪ್ರಶ್ನೆ*

ಬಾಬಾಸಾಹೇಬರು ಕ್ರೈಸ್ತ ಧರ್ಮವನ್ನು ದೂರದಿಂದ ನೋಡಿ ಬಿಟ್ಟವರಲ್ಲ. ಕ್ರೈಸ್ತರಾದ ಅಸ್ಪೃಶ್ಯರ ಸ್ಥಿತಿಗತಿಯ ಬಗ್ಗೆ ಅವರು ಬರೆದ ಬರಹಗಳು ಅವರ ಇಂಗ್ಲಿಷ್ ಸಂಪುಟಗಳ 5ನೆಯದರಲ್ಲಿವೆ. ಮಿಷನ್‌ಗಳು ಶಾಲೆ, ಆಸ್ಪತ್ರೆ ಕಟ್ಟಿದ್ದನ್ನು ಅವರು ಗುರುತಿಸುತ್ತಾರೆ. ಚರ್ಚ್ ಒಳಗೂ ಜಾತಿ ಉಳಿದದ್ದನ್ನು ತೋರಿಸುತ್ತಾರೆ. ಅವರ ಮುಖ್ಯ ಆಕ್ಷೇಪ ಬೋಧನೆಯ ಬಗ್ಗೆ. ಮನುಷ್ಯನ ಕಷ್ಟಕ್ಕೆ ಅವನ ಪಾಪವೇ ಕಾರಣ ಎಂದು ಕಲಿಸಿದರೆ, ಅವನು ಪಾಪದ ಕ್ಷಮೆ ಕೇಳುತ್ತಾನೆ. ಅವನನ್ನು ತುಳಿದ ಸಮಾಜ ಹಾಗೇ ಉಳಿಯುತ್ತದೆ. ನಮ್ಮ ಕೇರಿಗೆ ನೀರು ಬಾರದಿರುವುದು ನಮ್ಮ ಪಾಪದಿಂದಲ್ಲ, ಇನ್ನೊಬ್ಬರು ಮಾಡಿದ ವ್ಯವಸ್ಥೆಯಿಂದ.

ತಮಿಳುನಾಡಿನ ಕೆಲವು ಕಡೆ ಕ್ರೈಸ್ತ ಸ್ಮಶಾನದಲ್ಲೇ ದಲಿತರ ಸಮಾಧಿಗಳನ್ನು ಬೇರೆ ಇಟ್ಟ ಉದಾಹರಣೆಗಳಿವೆ. ಸ್ವರ್ಗದಲ್ಲಿ ಜಾತಿಯಿಲ್ಲ ಎಂದು ಬೋಧಿಸಿ ಮಣ್ಣಿನಲ್ಲಿ ಜಾತಿ ಇಟ್ಟರೆ ಏನು ಪ್ರಯೋಜನ? ಇದನ್ನು ಪ್ರಶ್ನಿಸಿ ಹೋರಾಡುತ್ತಿರುವವರೂ ದಲಿತ ಕ್ರೈಸ್ತರೇ ಎಂಬುದನ್ನು ಮರೆಯಬಾರದು. ಇನ್ನೂ ಒಂದು ವಿಷಯ: 1950ರ ರಾಷ್ಟ್ರಪತಿ ಆದೇಶದ ಪರಿಶಿಷ್ಟ ಜಾತಿ ಪಟ್ಟಿಗೆ ತಿದ್ದುಪಡಿಯಾಗಿ ಬೌದ್ಧರಾದ ನಮಗೆ 1990ರಲ್ಲಿ ಜಾಗ ಸಿಕ್ಕಿತು. ಕ್ರೈಸ್ತರಾದ ನಮ್ಮ ಅಕ್ಕತಂಗಿಯರು ಹೊರಗೇ ಉಳಿದರು. ಅವರು ಕಳೆದುಕೊಂಡದ್ದನ್ನು ತಿಳಿದು ಮಾತಾಡೋಣ.

*6. ನಮ್ಮ ದಾರಿ ಎಲ್ಲಿ ಬೇರೆ?*

'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಬಾಬಾಸಾಹೇಬರು ಸ್ಪಷ್ಟವಾಗಿ ಹೇಳುತ್ತಾರೆ: ಬುದ್ಧ ಮಾರ್ಗದಾತ, ಮೋಕ್ಷದಾತನಲ್ಲ. ನನ್ನನ್ನು ನಂಬು, ನಿನಗೆ ರಕ್ಷಣೆ ಕೊಡುತ್ತೇನೆ ಎಂದು ಬುದ್ಧ ಎಲ್ಲೂ ಹೇಳಲಿಲ್ಲ. ದಾರಿ ತೋರಿಸಿದ, ನಡೆಯುವವರು ನಾವೇ.

ಸಂಯುತ್ತ ನಿಕಾಯದಲ್ಲಿ ಅಸಿಬಂಧಕಪುತ್ತ ಎಂಬ ಊರ ಮುಖ್ಯಸ್ಥ ಬುದ್ಧನ ಬಳಿ ಬರುತ್ತಾನೆ. ಸತ್ತವರನ್ನು ಸ್ವರ್ಗಕ್ಕೆ ಕಳಿಸುತ್ತೇವೆ ಎನ್ನುವ ಬ್ರಾಹ್ಮಣರಿದ್ದಾರೆ, ನೀವು ಎಲ್ಲರನ್ನೂ ಸ್ವರ್ಗಕ್ಕೆ ಕಳಿಸಬಲ್ಲಿರಾ ಎಂದು ಕೇಳುತ್ತಾನೆ. ಬುದ್ಧ ತಿರುಗಿ ಕೇಳುತ್ತಾನೆ: ದೊಡ್ಡ ಬಂಡೆಯೊಂದನ್ನು ಆಳವಾದ ಕೆರೆಗೆ ಎಸೆದು, ಜನರೆಲ್ಲ ಸುತ್ತ ನಿಂತು ಕೈಮುಗಿದು "ಮೇಲೆ ಬಾ ಬಂಡೆ" ಎಂದು ಪ್ರಾರ್ಥಿಸಿದರೆ ಅದು ತೇಲೀತೇ? ತುಪ್ಪದ ಗಡಿಗೆಯನ್ನು ನೀರಿನಲ್ಲಿ ಒಡೆದು "ಮುಳುಗು ತುಪ್ಪವೇ" ಎಂದರೆ ತುಪ್ಪ ಮುಳುಗೀತೇ? ಕೊಲೆ, ಕಳವು, ಸುಳ್ಳಿನಲ್ಲಿ ಬಾಳಿದವನನ್ನು ಪ್ರಾರ್ಥನೆ ಮೇಲೆತ್ತಲಾರದು. ಶೀಲದಿಂದ ಬಾಳಿದವನನ್ನು ಯಾರ ಶಾಪವೂ ಮುಳುಗಿಸಲಾರದು.

ನಮ್ಮ ತ್ರಿಪಿಟಕದಲ್ಲೂ ನರಕದ ವರ್ಣನೆ ಇದೆ, ಇಲ್ಲ ಎನ್ನುವುದು ಬೇಡ. ಆದರೆ ಅಲ್ಲಿನ ನರಕಕ್ಕೆ ಕೊನೆ ಇದೆ. ಒಂದು ಬಾಳಿನ ತಪ್ಪಿಗೆ ಕೊನೆಯೇ ಇಲ್ಲದ ಶಿಕ್ಷೆ ಎಂಬುದು ಬುದ್ಧನ ಬೋಧನೆಯಲ್ಲಿಲ್ಲ. ಸಂಯುತ್ತ ನಿಕಾಯದಲ್ಲೇ ಇನ್ನೊಂದು ಕಡೆ, ಜನ ಸಮುದ್ರದ ಕೆಳಗೆ ಪಾತಾಳವಿದೆ ಎನ್ನುತ್ತಾರೆ, ನಾನು ಪಾತಾಳ ಎನ್ನುವುದು ದೇಹದ ನೋವಿಗೆ ಎನ್ನುತ್ತಾನೆ ಬುದ್ಧ. ಕನ್ನಡ ಬೈಬಲಿನಲ್ಲಿ ಕಂಡ ಅದೇ ಪದ ಇದು. ಆಸ್ಪತ್ರೆಯ ವಾರ್ಡಿನಲ್ಲಿ ರಾತ್ರಿಯಿಡೀ ನರಳುವವರ ಪಕ್ಕ ಕೂತವರಿಗೆ ಆ ಪಾತಾಳ ಗೊತ್ತು.

ಹಾಗಾದರೆ ಸತ್ತ ಮೇಲೆ ಏನೂ ಇಲ್ಲವೇ? ಕೇಸಪುತ್ತದ ಕಾಲಾಮರಿಗೆ ಬುದ್ಧ ಕೊಟ್ಟ ಭರವಸೆ ಇದಕ್ಕೆ ಉತ್ತರ. ದ್ವೇಷವಿಲ್ಲದೆ, ಶುದ್ಧ ಮನಸ್ಸಿನಿಂದ ಬಾಳಿದವನಿಗೆ ಪರಲೋಕ ಇದ್ದರೆ ಅಲ್ಲಿ ಭಯವಿಲ್ಲ. ಪರಲೋಕ ಇಲ್ಲದಿದ್ದರೆ ಇಲ್ಲೇ, ಈ ಬಾಳಿನಲ್ಲೇ ಅವನು ನೆಮ್ಮದಿಯಿಂದ ಬಾಳಿದ. ಎರಡರಲ್ಲೂ ಅವನಿಗೆ ನಷ್ಟವಿಲ್ಲ. ಒಳ್ಳೆಯವನಾಗಿರಲು ಅವನಿಗೆ ಬಹುಮಾನದ ಆಸೆಯೂ ಬೇಡ, ಬೆಂಕಿಯ ಭಯವೂ ಬೇಡ.

ಮತ್ತೆ ನ್ಯಾಯದ ಪ್ರಶ್ನೆ? ಅದನ್ನು ನಾವು ಮೇಲಿನ ಕೋರ್ಟಿಗೆ ಬಿಡುವ ಹಾಗಿಲ್ಲ. ಧಮ್ಮದ ಕೆಲಸ ಲೋಕವನ್ನು ಹೊಸದಾಗಿ ಕಟ್ಟುವುದು ಎಂದು ಬಾಬಾಸಾಹೇಬರು ಹೇಳಿದ್ದು ಇದಕ್ಕೇ. ಕಂಬಾಲಪಲ್ಲಿಯವರಿಗೆ ಸಿಗದ ನ್ಯಾಯ ಸಿಗದೇ ಉಳಿಯಿತು. ಧಮ್ಮ ಅದನ್ನು ಸಿಹಿ ಮಾತಿನಿಂದ ಮುಚ್ಚುವುದಿಲ್ಲ. ಇದು ಕಹಿ, ನನಗೂ ಕಹಿ. ಆದರೆ ಮುಂದಿನ ಸಾಕ್ಷಿ ಹೆದರದಂತೆ ಅವನ ಜೊತೆ ಕೋರ್ಟಿನ ಮೆಟ್ಟಿಲು ಹತ್ತುವವರು ಯಾರು ಎಂಬ ಪ್ರಶ್ನೆ ನಮ್ಮ ಮುಂದೆಯೇ ಉಳಿಯುತ್ತದೆ.

*7. ಮನೆಯಲ್ಲಿ ಹೇಗೆ ನಡೆದುಕೊಳ್ಳೋಣ?*

ನನ್ನ ಚಿಕ್ಕಮ್ಮ ಕ್ರೈಸ್ತರು. ಒಮ್ಮೆ ಊಟಕ್ಕೆ ಬಡಿಸುತ್ತಾ, "ನೀನು ಒಳ್ಳೇವ್ನೇ ಕಣಪ್ಪ. ಆದ್ರೆ ನಾಳೆ ನಾನು ಅಲ್ಲಿ ಹುಡುಕಿದ್ರೆ ನೀನು ಸಿಗಲ್ವಲ್ಲ" ಅಂದರು. ಕಣ್ಣಲ್ಲಿ ನೀರಿತ್ತು. ಅದರಲ್ಲಿ ನನಗೆ ಕೇಳಿಸಿದ್ದು ಬೆದರಿಕೆಯಲ್ಲ, ನನ್ನನ್ನು ಕಳೆದುಕೊಳ್ಳುವ ಭಯ. "ಇಲ್ಲಿ ಸಿಕ್ಕಿದ್ದೀನಲ್ಲ ಚಿಕ್ಕಮ್ಮ, ಇಲ್ಲಿ ಇರೋಷ್ಟು ದಿನ ಬರ್ತಾನೇ ಇರ್ತೀನಿ" ಅಂದೆ. ಅವರು ಇನ್ನೊಂದು ಮುದ್ದೆ ಹಾಕಿದರು. ಅವರ ನಂಬಿಕೆ ಬದಲಾಗಲಿಲ್ಲ, ನನ್ನದೂ ಬದಲಾಗಲಿಲ್ಲ.

ಆದ್ದರಿಂದ ಮೂರು ಮಾತು.

▪️ ಸಾವಿನ ಮನೆಯಲ್ಲಿ ವಾದ ಬೇಡ. ಅವರ ಮಣ್ಣಿಗೆ ಹೋಗೋಣ, ಹೆಗಲು ಕೊಡೋಣ. ಅವರು ಪ್ರಾರ್ಥನೆ ಮಾಡುವಾಗ ಮೌನವಾಗಿ ನಿಲ್ಲೋಣ. ಮೌನದಿಂದ ನಮ್ಮ 22 ಪ್ರತಿಜ್ಞೆಗೆ ಭಂಗವಿಲ್ಲ.

▪️ ಮಕ್ಕಳಿಗೆ ಯಾರಾದರೂ ನರಕದ ಹೆದರಿಕೆ ಹಾಕಿದರೆ ಬಿಡಿಸಿ ಹೇಳಿ. ಹೆದರಿ ಒಳ್ಳೆಯವರಾಗುವುದು ಬೇಡ ಮಗು, ಇನ್ನೊಬ್ಬರ ನೋವು ಅರಿತು ಒಳ್ಳೆಯವರಾಗು ಎನ್ನಿ.

▪️ ನಾವು ಶ್ರಾದ್ಧ, ಪಿಂಡ ಬಿಟ್ಟಿದ್ದೇವೆ. ಬಿಟ್ಟ ಜಾಗವನ್ನು ಖಾಲಿ ಬಿಡಬೇಡಿ. ಪುಣ್ಯಸ್ಮರಣೆಯ ದಿನ ತ್ರಿಸರಣ, ಪಂಚಶೀಲ ಹೇಳಿ, ತೀರಿಹೋದವರ ಬಾಳಿನ ಕಥೆಯನ್ನು ಮೊಮ್ಮಕ್ಕಳ ಎದುರು ಹೇಳಿ, ಅವರ ಹೆಸರಿನಲ್ಲಿ ಒಂದು ಮಗುವಿನ ಪುಸ್ತಕದ ಖರ್ಚು ನೋಡಿಕೊಳ್ಳಿ. ಅವರು ಮಾಡಿದ ಒಳ್ಳೆಯದು ಹಾಗೆ ಮುಂದಕ್ಕೆ ಹೋಗುತ್ತದೆ.

*ಇಂದಿನ ಅಭ್ಯಾಸ:* ಬೇರೆ ನಂಬಿಕೆಯ ಒಬ್ಬ ಬಂಧುವಿಗೆ ಇವತ್ತು ಫೋನ್ ಮಾಡಿ. ಧರ್ಮದ ಮಾತು ಬೇಡ. ಊಟ ಆಯಿತೇ, ಮೈ ಹೇಗಿದೆ, ಮಕ್ಕಳು ಏನು ಓದುತ್ತಿದ್ದಾರೆ ಎಂದು ಕೇಳಿ. ಆಮೇಲೆ ಐದು ನಿಮಿಷ ಕೂತು ಮೈತ್ರಿ ಭಾವನೆ ಮಾಡಿ, ಮೊದಲು ಅವರಿಗೆ, ಕೊನೆಗೆ ನಿಮಗೆ ಅನ್ಯಾಯ ಮಾಡಿದವರಿಗೂ.

ಭಾನುವಾರದ ಕೂಟದಲ್ಲಿ ಕಾಲಾಮ ಸುತ್ತವನ್ನು ಪೂರ್ತಿ ಓದೋಣ. ಪ್ರಶ್ನೆಗಳಿದ್ದರೆ ಬರೆದು ತನ್ನಿ.

ಭವತು ಸಬ್ಬ ಮಂಗಲಂ
*ಜೈ ಭೀಮ್, ನಮೋ ಬುದ್ಧಾಯ* 🙏